ಕೊಳದ ನೀರು ಎಲ್ಲಿಗೆ ಹೋಗ್ತಿದೆ?

ಮನೆಯೊಳಗೆ ಪುಟ್ಟ ಕೊಳ ಮಾಡಿಕೊಂಡವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬರುತ್ತೆ. ನೀರು ಕಡಿಮೆ ಆಗ್ತಿದೆಯಲ್ಲ, ಆವಿಯಾಗ್ತಿದೆಯಾ ಅಥವಾ ಸೋರ್ತಿದೆಯಾ? ನೆಲಮಹಡಿಯಲ್ಲಿದ್ದರೆ ಇದು ನಮ್ಮ ಮನೆಯ ತಲೆನೋವು ಮಾತ್ರ. ಫ್ಲ್ಯಾಟ್‌ನಲ್ಲಿದ್ದರೆ ಕೆಳಗಿನ ಮನೆಯವರದ್ದೂ ಹೌದು.

ನಮ್ಮ ಹಾಲ್ ಮೂಲೆಯಲ್ಲಿ 4 ಅಡಿ ಉದ್ದ, 3 ಅಡಿ ಅಗಲದ ಕೊಳವಿದೆ. ಇಟ್ಟಿಗೆ ಕಟ್ಟೆ, ಒಳಗೆ ಲೈನರ್ ಶೀಟ್, ಕಲ್ಲಿನ ಮೇಲಿಂದ ನೀರು ಇಳಿಸೋ ಚಿಕ್ಕ ಪಂಪ್, ಲೆಕ್ಕಕ್ಕೆ ಸಿಗದಷ್ಟು ಗಪ್ಪಿ ಮೀನುಗಳು. ಕಳೆದ ಬೇಸಿಗೆಯಲ್ಲಿ ಕೆಳಗಿನ ಮನೆ ಆಂಟಿ ಬಂದು, "ಏನಪ್ಪಾ, ನಿಮ್ಮ ಕೊಳ ನಮ್ಮನೆಗೂ ಇಳೀತಾ ಇದೆಯಲ್ಲ!" ಅಂದ್ರು. ಅವರ ಸೀಲಿಂಗ್‌ನಲ್ಲಿ ತಟ್ಟೆಯಗಲ ಒದ್ದೆ ಕಲೆ. ನೋಡೋಕೆ ಬಂದ ಕೆಲಸದವರು, "ಎಲ್ಲಾ ಒಡೆದು ಹೊಸದಾಗಿ ಮಾಡ್ಬೇಕು ಸರ್" ಅಂದ್ರು. ಅಮ್ಮ, "ಮೀನು ಯಾರಿಗಾದ್ರೂ ಕೊಟ್ಟು ಮುಚ್ಚಿಬಿಡು" ಅಂದ್ರು.

ಎರಡು ದಿನ ಟೈಮ್ ಕೇಳಿದೆ. ಒಂದು ಡಬ್ಬಕ್ಕೆ ಕೊಳದ ನೀರು ತುಂಬಿ ಪಕ್ಕದಲ್ಲೇ ಇಟ್ಟು, ಎರಡರಲ್ಲೂ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿದೆ. ಮೊದಲ ದಿನ ಪಂಪ್ ಓಡ್ತಾ ಇತ್ತು. 24 ಗಂಟೆಯಲ್ಲಿ ಡಬ್ಬದಲ್ಲಿ 3 ಮಿ.ಮೀ. ಇಳಿದಿತ್ತು, ಕೊಳದಲ್ಲಿ 2 ಸೆಂ.ಮೀ. ಅಂದ್ರೆ ಹೆಚ್ಚುಕಮ್ಮಿ ಒಂದು ವಾಟರ್ ಕ್ಯಾನ್‌ನಷ್ಟು ನೀರು! ಎರಡನೇ ದಿನ ಪಂಪ್ ಆಫ್. ಮೀನುಗಳಿಗೆ ಉಸಿರಾಡೋಕೆ ಅಕ್ವೇರಿಯಂ ಏರ್ ಪಂಪ್ ಹಾಕಿದೆ. ಫಿಲ್ಟರ್ ಸ್ಪಂಜನ್ನೂ ಅದರ ಗುಳ್ಳೆಗಳ ಹತ್ತಿರವೇ ಬಿಟ್ಟೆ. ಈ ಸಲ ಎರಡೂ ಸಮನಾಗಿ ಇಳಿದಿದ್ದವು.

ಅಲ್ಲಿಗೆ ಲೈನರ್ ಸರಿಯಾಗಿದೆ, ಸೋರೋದು ಪಂಪ್ ನೀರು ಹೋಗೋ ದಾರಿಯಲ್ಲಿ ಅಂತಾಯ್ತು. ಪ್ಲಗ್ ಕಿತ್ತು ಕಲ್ಲುಗಳನ್ನ ಸರಿಸಿದರೆ, ಹಿಂದುಗಡೆ ಟ್ಯೂಬ್ ಗಡುಸಾಗಿ ಜಾಯಿಂಟ್ ಹತ್ತಿರ ಸೀಳಿತ್ತು. ಹನಿಯೆಲ್ಲ ಲೈನರ್ ಆಚೆ ಬೀಳ್ತಿತ್ತು. ಹೊಸ ಟ್ಯೂಬ್, ಹೊಸ ಕ್ಲ್ಯಾಂಪ್, ಅಷ್ಟೇ ಖರ್ಚು. ಆಂಟಿ ಮನೆ ಕಲೆ ಒಣಗೋಕೆ ಮಾತ್ರ ವಾರಗಳೇ ಹಿಡಿದವು, ಪೇಂಟ್ ನಮ್ಮ ಲೆಕ್ಕ.

ಪಂಪ್ ಆಫ್ ಮಾಡಿದ್ರೂ ಕೊಳದ ನೀರು ಜಾಸ್ತಿ ಇಳೀತಿದ್ರೆ ಲೈನರ್‌ನಲ್ಲೇ ತೂತು. ಮೀನುಗಳನ್ನ ಅದೇ ನೀರಿನ ಟಬ್‌ಗೆ ಬಿಟ್ಟು ಕಾಯಿರಿ. ನೀರು ಎಲ್ಲಿ ನಿಲ್ಲುತ್ತೋ ಆ ಮಟ್ಟದ ಸುತ್ತಲೂ ಹುಡುಕಿದ್ರೆ ತೂತು ಸಿಗುತ್ತೆ.

ರಿಪೇರಿ ಮುಗಿದ ಮೇಲೆ ಎಲ್ಲಾ ಫಳಫಳ ತೊಳೆದುಬಿಡೋಣ ಅನ್ನಿಸುತ್ತೆ. ದಯವಿಟ್ಟು ಬೇಡ. ಮೀನಿನ ಗಲೀಜಿಂದ ಬರೋ ಅಮೋನಿಯಾವನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ಇರೋದು. ನಲ್ಲಿ ನೀರಿನ ಕ್ಲೋರಿನ್ ಅವನ್ನ ಕೊಲ್ಲುತ್ತೆ. ಆಮೇಲೆ ನೀರು ಕನ್ನಡಿ ಹಾಗೆ ಕಂಡರೂ ಮೀನಿಗೆ ವಿಷ. ಸ್ಪಂಜನ್ನ ಕೊಳದಿಂದ ತೆಗೆದ ನೀರಲ್ಲೇ ಹಿಂಡಿ. ಹೊಸ ನೀರಿಗೆ ಡಿಕ್ಲೋರಿನೇಟರ್ ಹಾಕಿ, ವಾರಕ್ಕೆ ಕಾಲು ಭಾಗ ಮಾತ್ರ ಬದಲಿಸಿ. ನೀರಿಗೆ ಕೈ ಹಾಕೋ ಮುಂಚೆ ಪ್ರತಿ ಸಲ ಪ್ಲಗ್ ಕೀಳಿ.

ಯಾರಾದ್ರೂ "ಒಡೀಬೇಕು ಸರ್" ಅಂದ್ರೆ, ಮೊದಲು ಒಂದು ಡಬ್ಬ, ಒಂದು ಟೇಪ್, ಎರಡು ದಿನ.