ಉಮೇದುವಾರಿಯ ಹೊಸ್ತಿಲಲ್ಲಿ

ನಮ್ಮ ಹಿರಿಯರ ಕಾಲದಲ್ಲಿ ಉಮೇದುವಾರಿ ಎಂಬುದೊಂದು ಪದ್ಧತಿ ಇತ್ತು. ನಾಲ್ಕಕ್ಷರ ಕಲಿತ ಹುಡುಗ ಅಮಲ್ದಾರರ ಕಚೇರಿಯಲ್ಲಿಯೋ ವಕೀಲರ ಮನೆಯ ಜಗಲಿಯಲ್ಲಿಯೋ ಸಂಬಳವಿಲ್ಲದೆ ಕುಳಿತು, ನಕಲು ಬರೆದು, ಕಡತ ಕಟ್ಟಿ, ಎಂದಾದರೊಂದು ದಿನ ಜಾಗ ಖಾಲಿಯಾದೀತೆಂದು ಕಾಯುತ್ತಿದ್ದ. ಆ ಮಾತು ಇಂದು ಬಳಕೆಯಲ್ಲಿ ಇಲ್ಲವೆನ್ನಬಹುದು. ಆದರೆ ಮಾತು ಹೋದರೂ ಪದ್ಧತಿ ಹೋಗಲಿಲ್ಲ. ಇಂಟರ್ನ್‌ಷಿಪ್ ಎಂಬ ಹೊಸ ಅಂಗಿ ತೊಟ್ಟು ಕಾಲೇಜಿನ ಪಠ್ಯಕ್ರಮದೊಳಗೇ ಬಂದು ಕುಳಿತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಎತ್ತಿ ಹಿಡಿಯಿತು. 2024ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪದವಿ ವಿದ್ಯಾರ್ಥಿಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಪುಸ್ತಕದ ವಿದ್ಯೆಯ ಜೊತೆಗೆ ಕೈಯ ವಿದ್ಯೆಯೂ ಬೇಕೆಂಬ ಮಾತನ್ನು ಅಲ್ಲಗಳೆಯುವವರು ಯಾರು? ನಾನಂತೂ ಅಲ್ಲ. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನಾನು, ವಿದ್ಯಾರ್ಥಿಗಳನ್ನು ಇಂಟರ್ನ್‌ಷಿಪ್ಪಿಗೆ ಕಳುಹಿಸುವ ಸಮಿತಿಯ ಸಂಚಾಲಕನೂ ಆಗಿದ್ದೇನೆ. ಆ ಅಧಿಕಾರದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಲೇಖನ ಹುಟ್ಟಿತು.

ಕಳೆದ ವರ್ಷ ನಮ್ಮ ಬಿ.ಕಾಂ. ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ದೃಷ್ಟಿ ಪೂರ್ತಿಯಾಗಿ ಹೋಯಿತು. ಲೆಕ್ಕಶಾಸ್ತ್ರದಲ್ಲಿ ಅವಳಿಗೆ ಬರುತ್ತಿದ್ದ ಅಂಕಗಳನ್ನು ಕಂಡು ಕಣ್ಣುಳ್ಳ ಸಹಪಾಠಿಗಳೇ ಅಸೂಯೆಪಡುತ್ತಿದ್ದರು. ಇಂಟರ್ನ್‌ಷಿಪ್ಪಿಗೆಂದು ಅವಳು ಮೂರು ಕಡೆ ಅರ್ಜಿ ಹಾಕಿದಳು. ಮೂರರಲ್ಲಿಯೂ ತಾನು ಅಂಧಳೆಂದು ಸ್ಪಷ್ಟವಾಗಿ ಬರೆದಿದ್ದಳು. ಮೂರು ಕಡೆಯಿಂದಲೂ ಉತ್ತರ ಬರಲಿಲ್ಲ. ಆಗ ನಾನು, ಲೋಕಾನುಭವಿಯೆಂಬ ಹಮ್ಮಿನಿಂದ, "ಆ ಮಾತನ್ನು ಮೊದಲೇ ಯಾಕಮ್ಮ ಬರೆಯುತ್ತೀ? ಅಂಕಗಳನ್ನಷ್ಟೇ ಬರೆ. ಎದುರು ನಿಂತಾಗ ಅವರೇ ತಿಳಿದುಕೊಳ್ಳುತ್ತಾರೆ" ಎಂದು ಬುದ್ಧಿ ಹೇಳಿದೆ. ಅವಳು ಹಾಗೆಯೇ ಮಾಡಿದಳು. ನಾಲ್ಕೇ ದಿನಗಳಲ್ಲಿ ಜಿಲ್ಲಾ ಕೇಂದ್ರದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಿಂದ ಕರೆ ಬಂದಿತು.

ಅಣ್ಣನ ಜೊತೆ ಎರಡು ಬಸ್ಸು ಬದಲಿಸಿ ಅವಳು ಹೋದಳು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಆದರೆ ಯಾವ ಬಸ್ಸು ಬಂತೆಂದು ಹೇಳುವವರು ಬೇಕು. ಕಚೇರಿಯ ಯಜಮಾನರು ಕೆಟ್ಟವರಲ್ಲ. ಅವಳ ಕೈಯ ಬಿಳಿ ಕೋಲನ್ನು ಕಂಡು ಎದ್ದುನಿಂತರಂತೆ, ಕಾಫಿ ತರಿಸಿದರಂತೆ. ಆಮೇಲೆ, "ಇಲ್ಲೆಲ್ಲ ಕಂಪ್ಯೂಟರ್ ಕೆಲಸ ತಾಯಿ, ನಿನಗೆ ಕಷ್ಟ. ಪ್ರಮಾಣಪತ್ರ ತಾನೆ ಬೇಕಾದ್ದು? ಬರೆದುಕೊಡುತ್ತೇನೆ. ನೀನು ಬರುವುದೇನೂ ಬೇಡ" ಎಂದರಂತೆ. ಅಣ್ಣನಿಗೆ ಸಂತೋಷವಾಯಿತು. ಮರುದಿನ ಸುದ್ದಿ ಕೇಳಿದ ನನಗೂ, ನಿಜ ಹೇಳುತ್ತೇನೆ, ಒಂದು ಕ್ಷಣ ಹಗುರವೆನಿಸಿತು. ಸಮಿತಿಯ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ ಗುರುತು ಹಾಕಬಹುದಲ್ಲ! ಅವಳು ಮಾತ್ರ ಒಪ್ಪಲಿಲ್ಲ. "ಕೆಲಸ ಕಲಿಯದೆ ಆ ಕಾಗದ ಇಟ್ಟುಕೊಂಡು ನಾನೇನು ಮಾಡಲಿ ಸರ್?" ಎಂದು ಕೇಳಿದಳು. ಸ್ವಲ್ಪ ತಡೆದು, "ಮೊದಲೇ ಬರೆದಿದ್ದರೆ ಅವರು ಕರೆಯುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. ಮೋಸ ಮಾಡಿ ಬಂದವಳ ಹಾಗೆ ನಿಲ್ಲಬೇಕಾಯಿತು" ಎಂದಳು. ಆ ಮಾತು ನನ್ನನ್ನು ಕುರಿತದ್ದೆಂದು ನನಗೆ ತಿಳಿಯಿತು.

ಪ್ರಮಾಣಪತ್ರವನ್ನು ಪುಕ್ಕಟೆ ಪಡೆಯುವವರು ಬೇರೆ ವಿದ್ಯಾರ್ಥಿಗಳಲ್ಲಿ ಇಲ್ಲವೇ ಎಂದು ವಾಚಕರು ಕೇಳಬಹುದು. ಧಾರಾಳವಾಗಿ ಇದ್ದಾರೆ, ಅಧ್ಯಾಪಕರಾದ ನಾವು ಅದನ್ನು ಬಲ್ಲೆವು. ಆದರೆ ಕಣ್ಣುಳ್ಳ ಹುಡುಗ ಇಲ್ಲಿ ಕಲಿಯದಿದ್ದರೆ ಸೋದರಮಾವನ ಅಂಗಡಿಯಲ್ಲಿ ಕಲಿತಾನು, ಸ್ನೇಹಿತನ ಕಚೇರಿಯಲ್ಲಿ ಕಲಿತಾನು. ಅವನಿಗೆ ಹತ್ತು ಬಾಗಿಲುಗಳಿವೆ. ಈ ಹುಡುಗಿಗೆ ಇದ್ದದ್ದು ಒಂದು ಬಾಗಿಲು. ಅದನ್ನು ಕರುಣೆಯೇ ಮುಚ್ಚಿತು. ತಿರಸ್ಕಾರದಿಂದ ಮುಚ್ಚಿದ ಬಾಗಿಲನ್ನು ತಟ್ಟಿ ಜಗಳವಾಡಬಹುದು. ಕಾಫಿ ಕೊಟ್ಟು ಮುಚ್ಚಿದ ಬಾಗಿಲಿನೆದುರು ಏನು ಹೇಳುವುದು?

ಕಾನೂನು ಇಲ್ಲವೇ ಎಂದರೆ, ಇದೆ. 1995ರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಹಿಂದಿನ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ ಇದು 21 ಬಗೆಗಳನ್ನು ಹೆಸರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸ್ಥಾನ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4ರಷ್ಟು ಮೀಸಲು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಇವೆಲ್ಲ ದೊಡ್ಡ ಮಾತುಗಳೇ. ಆದರೆ ಸ್ವಲ್ಪ ನಿಧಾನವಾಗಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಾಯಿದೆ ಕಾಲೇಜಿನ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದೆ, ಕಚೇರಿಯ ಬಾಗಿಲಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದೆ. ನಡುವಣ ಹಾದಿಯಲ್ಲಿ ಯಾರೂ ಇಲ್ಲ. ಇಂಟರ್ನ್‌ಷಿಪ್ಪಿಗೆ ಹೋದ ವಿದ್ಯಾರ್ಥಿ ಆ ಕೆಲವು ವಾರ ಕಾಲೇಜಿನ ಕಟ್ಟಡದಲ್ಲಿ ಇರುವುದಿಲ್ಲ, ಕಚೇರಿಯ ನೌಕರನೂ ಅಲ್ಲ. ಕಾಲೇಜು, 'ಅವರು ಸೇರಿಸಿಕೊಳ್ಳದಿದ್ದರೆ ನಾವೇನು ಮಾಡೋಣ' ಎನ್ನುತ್ತದೆ. ಕಚೇರಿ, 'ಇವರು ನಮ್ಮ ನೌಕರರಲ್ಲವಲ್ಲ' ಎನ್ನುತ್ತದೆ. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ.

ಕಾಯಿದೆಯಲ್ಲಿ ಬಹು ಮುಖ್ಯವಾದ ಇನ್ನೊಂದು ತತ್ತ್ವವಿದೆ. ಯುಕ್ತವಾದ ಹೊಂದಾಣಿಕೆ ಎಂದು ಅದನ್ನು ಕರೆಯಬಹುದು. ವ್ಯಕ್ತಿಗೆ ಬೇಕಾದ ಮಾರ್ಪಾಟನ್ನು, ಅದು ಮಿತಿಮೀರಿದ ಹೊರೆಯಾಗದಿದ್ದ ಪಕ್ಷದಲ್ಲಿ, ಮಾಡಿಕೊಡಬೇಕೆಂಬುದು ಅದರ ಸಾರ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿ ಲೋಕಸೇವಾ ಆಯೋಗದ ಪರೀಕ್ಷೆಗೆ ಲಿಪಿಕಾರನನ್ನು ಬೇಡಿದ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತತ್ತ್ವವನ್ನು ವಿಸ್ತಾರವಾಗಿ ವಿವರಿಸಿತು. ಶೇಕಡ 40ರ ಪ್ರಮಾಣಪತ್ರ ಇದ್ದವರಿಗೆ ಮಾತ್ರ ಈ ಹಕ್ಕೆಂಬ ವಾದವನ್ನು ತಳ್ಳಿಹಾಕಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ದೃಷ್ಟಿಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದು ಎಂದಿತು. ಅಂಧರೊಬ್ಬರು ನ್ಯಾಯಾಧೀಶರಾಗಬಹುದು, ಲೆಕ್ಕದ ಕಚೇರಿಯಲ್ಲಿ ಆರು ವಾರ ಕೆಲಸ ಕಲಿಯಲಾರರೇ?

ಕಂಪ್ಯೂಟರ್ ಕೆಲಸ ಕಷ್ಟವೆಂಬ ಮಾತನ್ನೂ ಪರಿಶೀಲಿಸೋಣ. ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶ ಇಂದು ಹೊಸದೇನೂ ಅಲ್ಲ. ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯದ ಇಬ್ಬರು ಅಂಧ ತರುಣರೇ ಕಟ್ಟತೊಡಗಿದರು. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಣದ ಕೊರತೆಯೆಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ. ಕೊರತೆಯಿರುವುದು ವಿಷಯ ತಿಳಿಯುವ ವ್ಯವಧಾನದಲ್ಲಿ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಮಿಕ್ಕಿ ವಿಕಲಚೇತನರಿದ್ದರು. ಅಂಗವಿಕಲ ಎಂಬ ಹೆಸರನ್ನು ಬಿಟ್ಟು ವಿಕಲಚೇತನ ಎಂದೆವು. ಅದೂ ಸಾಲದೆ ವಿಶೇಷಚೇತನ ಎಂದೆವು. ದೆಹಲಿಯವರು ದಿವ್ಯಾಂಗ ಎಂದರು. ಹೆಸರುಗಳು ಏರುತ್ತ ಹೋದವು. ಕಚೇರಿಯ ಮೆಟ್ಟಿಲುಗಳು ಮಾತ್ರ ಇಳಿಯಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆಯನ್ನು ಆರಂಭಿಸಿದಾಗ, ದೇಶದ 500 ದೊಡ್ಡ ಕಂಪನಿಗಳಲ್ಲಿ 5 ವರ್ಷಗಳಲ್ಲಿ 1 ಕೋಟಿ ಯುವಕರಿಗೆ ತಿಂಗಳಿಗೆ 5,000 ರೂಪಾಯಿ ಭತ್ಯೆಯೊಡನೆ ಅವಕಾಶವೆಂದು ಸಾರಿತು. ಪೂರ್ಣಕಾಲ ಓದುತ್ತಿರುವವರಿಗೆ ಆಗ ಅದರಲ್ಲಿ ಪ್ರವೇಶವಿರಲಿಲ್ಲ. ಅದಿರಲಿ. ಊರುಗೋಲು ಹಿಡಿದು ಪರವೂರಿಗೆ ಹೋದವನಿಗೆ ನೆಲಮಾಳಿಗೆಯ ಕೋಣೆ, ಆಟೋ ಬಾಡಿಗೆ, ಜೊತೆಗೊಬ್ಬರ ಊಟ ಇವೆಲ್ಲ ಸೇರಿದರೆ 5,000 ರೂಪಾಯಿ ಎಷ್ಟು ದಿನ ಬಂದೀತು?

ಈ ಸಂದರ್ಭದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರಾಗಿ ಬೆಳೆದು, 2010ರಲ್ಲಿ ನಿಧನರಾಗುವ ತನಕ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಅಲ್ಲಿ ಮಕ್ಕಳಿಗೆ ಊಟ ವಸತಿಗಳ ಜೊತೆಗೆ ಸಂಗೀತವಿದ್ಯೆ ದೊರೆಯಿತು. ಅದು ಕರುಣೆಯ ಪ್ರಮಾಣಪತ್ರವಾಗಿರಲಿಲ್ಲ. ಗುರುವಿನೆದುರು ಕುಳಿತು ತಾಳ ತಪ್ಪಿ, ತಿದ್ದಿಸಿಕೊಂಡು ಪಡೆದ ವಿದ್ಯೆ. ತಪ್ಪು ಮಾಡುವ ಅವಕಾಶವನ್ನೂ ಕೊಟ್ಟಾಗಲೇ ಅದು ನಿಜವಾದ ಶಿಕ್ಷಣ.

ಕೊನೆಗೆ ನಮ್ಮೂರಿನ ಪತ್ತಿನ ಸಹಕಾರ ಸಂಘದಲ್ಲಿ ಆ ಹುಡುಗಿಗೆ ಸ್ಥಳ ಸಿಕ್ಕಿತು. ಕಾರ್ಯದರ್ಶಿಗಳು ಅವಳಿಂದಾಗದ್ದನ್ನು ಕೇಳಲಿಲ್ಲ, "ನಿನಗೇನು ಬೇಕಮ್ಮ?" ಎಂದು ಕೇಳಿದರು. ಒಂದು ಕಂಪ್ಯೂಟರಿಗೆ ಓದುವ ತಂತ್ರಾಂಶ, ಲೆಕ್ಕಗಳನ್ನು ಚಿತ್ರವಾಗಿ ಕೊಡದೆ ಅಕ್ಷರರೂಪದಲ್ಲಿ ಕೊಡುವುದು, ಇವೆರಡನ್ನೇ ಅವಳು ಕೇಳಿದ್ದು. ಮೊದಲ ವಾರ ಕಷ್ಟವಾಯಿತು. ಕೈಬರಹದ ವೋಚರುಗಳನ್ನು ಅವಳು ಓದಲಾರಳು. ಗುಮಾಸ್ತರೊಬ್ಬರು ದಿನಕ್ಕೆ ಅರ್ಧ ಗಂಟೆ ಓದಿ ಹೇಳಿದರು. ಮೂರನೆಯ ವಾರದಲ್ಲಿ ಉಳಿತಾಯ ಖಾತೆಯ ಬಡ್ಡಿಯ ಲೆಕ್ಕದಲ್ಲಿ ಒಂದು ತಪ್ಪನ್ನು ಅವಳೇ ಹಿಡಿದಳು; ಇನ್ನೊಂದು ತಪ್ಪನ್ನು ಅವಳೇ ಮಾಡಿ ಬೈಸಿಕೊಂಡಳು. ಬೈಸಿಕೊಂಡದ್ದನ್ನು ನನ್ನ ಬಳಿ ಬಂದು ಸಂಭ್ರಮದಿಂದ ಹೇಳಿದಳು.

ಇದನ್ನು ವಿಜಯದ ಕಥೆಯೆಂದು ಹೇಳಲು ನನಗೆ ಸಂಕೋಚ. ಆ ಕಾರ್ಯದರ್ಶಿಗಳು ನನ್ನ ಬಾಲ್ಯಸ್ನೇಹಿತರು. ಪರಿಚಯದ ಬಲದಿಂದ ದೊರೆತದ್ದು ಉಪಕಾರ, ಹಕ್ಕಲ್ಲ. ಸ್ನೇಹಿತರಿಲ್ಲದ ಅಧ್ಯಾಪಕರ ಶಿಷ್ಯರ ಗತಿಯೇನು? ಆದುದರಿಂದ ನನ್ನ ಸೂಚನೆ ಇಷ್ಟು. ಇಂಟರ್ನ್‌ಷಿಪ್ಪನ್ನು ಕಡ್ಡಾಯ ಮಾಡುವ ವಿಶ್ವವಿದ್ಯಾಲಯ ಅದನ್ನು ಒದಗಿಸುವ ಹೊಣೆಯನ್ನೂ ಹೊರಬೇಕು. ವಿದ್ಯಾರ್ಥಿಯನ್ನು ಪಡೆಯುವ ಕಚೇರಿಯೊಡನೆ ಕಾಲೇಜು ಮಾಡಿಕೊಳ್ಳುವ ಒಪ್ಪಂದದಲ್ಲಿಯೇ ಹೊಂದಾಣಿಕೆಯ ಮಾತು ಸೇರಬೇಕು. ಸರ್ಕಾರದ ಇಲಾಖೆಗಳು, ಸಹಕಾರ ಸಂಘಗಳು, ಬ್ಯಾಂಕುಗಳು ಮೊದಲು ಬಾಗಿಲು ತೆರೆಯಬೇಕು. ಇಂಟರ್ನ್‌ಷಿಪ್ಪಿನ ಅವಧಿಯೂ ಶಿಕ್ಷಣದ ಅವಧಿಯೇ ಎಂದು ನಿಯಮದಲ್ಲಿ ಒಂದು ಸಾಲು ಬರೆದರೆ ಹೊಸ್ತಿಲಿಗೂ ಒಬ್ಬ ಕಾವಲುಗಾರ ಬಂದಂತಾಯಿತು.

ಈ ವರ್ಷ ನನ್ನ ಪಟ್ಟಿಯಲ್ಲಿ ಕಿವಿ ಕೇಳದ ಹುಡುಗನೊಬ್ಬನಿದ್ದಾನೆ, ಗಾಲಿಕುರ್ಚಿಯ ಹುಡುಗಿಯೊಬ್ಬಳಿದ್ದಾಳೆ. ಅವರಿಗಾಗಿ ಬರೆಯಬೇಕಾದ ಪತ್ರಗಳು ಮೇಜಿನ ಮೇಲಿವೆ. ಈ ಸಲ ನಾನು ಏನನ್ನೂ ಮುಚ್ಚಿಟ್ಟಿಲ್ಲ. ಅವರು ಏನು ಬಲ್ಲರೆಂದು ಮೊದಲ ಸಾಲಿನಲ್ಲಿ, ಅವರಿಗೆ ಏನು ಬೇಕೆಂದು ಎರಡನೆಯ ಸಾಲಿನಲ್ಲಿ ಬರೆದಿದ್ದೇನೆ. ಉತ್ತರಗಳಿಗಾಗಿ ಕಾಯುತ್ತಿದ್ದೇನೆ.