ಲೆಕ್ಕ ಬೇಗ ಮುಗಿಸಿದ ಮಗು ಏನು ಮಾಡಬೇಕು?

ಮೇಷ್ಟರು ಹಲಗೆಯ ಮೇಲೆ ಐದು ಲೆಕ್ಕ ಬರೆದಿದ್ದಾರೆ. ಉಳಿದವರು ಎರಡನೆಯದರಲ್ಲಿ ಇರುವಾಗಲೇ ಒಬ್ಬ ಹುಡುಗಿ ಐದನ್ನೂ ಮುಗಿಸಿ, ಕಿಟಕಿಯಾಚೆ ಮಳೆ ನೋಡುತ್ತಾ ಕೂತಿದ್ದಾಳೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಇಂಥ ಮಕ್ಕಳು ಹೊಸಬರಲ್ಲ. ಮೊದಮೊದಲು ಅವಳಿಗೆ ಬೇಸರ, ಆಮೇಲೆ ಚೇಷ್ಟೆ. ಕಡೆಗೆ ‘ಇಷ್ಟು ಮಾಡಿದರೆ ಸಾಕು’ ಎಂಬುದನ್ನು ಕಲಿತುಬಿಡುತ್ತಾಳೆ. ಜಾಣ ಮಕ್ಕಳು ಮಂಕಾಗುವುದು ಹೀಗೆ, ಸದ್ದಿಲ್ಲದೆ.

‘ನಮ್ಮ ಮಗು ಚುರುಕು, ಊರ ಶಾಲೆ ಸಾಲದು’ ಎನ್ನುವ ಪಾಲಕರ ಕಣ್ಣು ಸಾಮಾನ್ಯವಾಗಿ ನವೋದಯದ ಕಡೆ ಹೋಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದ ಈ ಶಾಲೆ ನಮ್ಮ ಜಿಲ್ಲೆಯಲ್ಲಿ ಬಾಳೆಹೊನ್ನೂರು ಸಮೀಪದ ಸೀಗೋಡಿನಲ್ಲೇ ಇದೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು: 80 ಪ್ರಶ್ನೆ, 100 ಅಂಕ, 2 ಗಂಟೆ. ಅರ್ಧ ಅಂಕ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ, ಉಳಿದರ್ಧ ಗಣಿತ ಮತ್ತು ಭಾಷೆಗೆ. ಆರನೇ ತರಗತಿಗೆ ಸೇರಲು ಐದರಲ್ಲಿರುವಾಗ ಒಂದೇ ಸಲ ಅವಕಾಶ. ಸೀಟು ಹೆಚ್ಚೆಂದರೆ 80.

ಖಂಡಿತ ಬರೆಸಿ. ಆದರೆ ಸೀಟು ಸಿಗದ ಮಗು ಮಾರನೇ ದಿನ ದಡ್ಡ ಆಗುವುದಿಲ್ಲ. ಸೀಟು ಸಿಕ್ಕ ಮಗುವೂ ಮೊದಲ ಐದು ವರ್ಷ ಕಳೆದಿರುವುದು ಇಂಥ ಊರ ಶಾಲೆಗಳಲ್ಲೇ. ಆ ಐದು ವರ್ಷ ನಾವು ಏನು ಕೊಟ್ಟೆವು ಎಂಬುದನ್ನು ಯೋಚಿಸಬೇಕು.

ಹಿತ್ತಲ ಗಿಡ ಮದ್ದಲ್ಲ ಎನ್ನಬೇಡಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕೆಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಚುರುಕಾದ ಮಗು ಯಾರಿಗೂ ಕಾಯಬೇಕಿಲ್ಲ. ತೊಡಕು ನಾಲ್ಕನೇ ತರಗತಿಯಿಂದ. ಅಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ವೇಗ.

ಭಾಗಾಕಾರ ಬಂದ ಮಗುವಿಗೆ ಅದೇ ಮಾದರಿಯ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಅದು ಶಿಕ್ಷೆ. ಹೀಗೆ ಕೇಳಿ ನೋಡಿ: ಒಂದು ಎಕರೆ ಎಂದರೆ 43,560 ಚದರ ಅಡಿ. ಎರಡೂ ಕಡೆ ಒಂಬತ್ತು ಅಡಿ ಅಂತರ ಬಿಟ್ಟರೆ ಎಷ್ಟು ಅಡಿಕೆ ಸಸಿ ಹಿಡಿಯುತ್ತವೆ? ಮಗು 81ರಿಂದ ಭಾಗಿಸಿ 537 ಎನ್ನುತ್ತದೆ. ‘ಈಗ ತೋಟಕ್ಕೆ ಹೋಗಿ ಎಣಿಸಿ ಬಾ’ ಎನ್ನಿ. ಲೆಕ್ಕ ತಾಳೆಯಾಗುವುದು ಕಷ್ಟ. ಬಸಿಗಾಲುವೆ, ದಾರಿ, ಬೇಲಿಯಂಚು ಎಷ್ಟು ಜಾಗ ತಿಂದವು ಎಂದು ಅದೇ ಹುಡುಕಲಿ. ಇದಕ್ಕೆ ಟ್ಯೂಷನ್ ಬೇಡ, ಖರ್ಚೂ ಇಲ್ಲ.

ಓದುವ ಹಸಿವಿರುವ ಮಗುವಿಗೆ ಪಠ್ಯಪುಸ್ತಕ ಜೂನ್‌ನಲ್ಲೇ ಮುಗಿದಿರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಜುಲೈನಲ್ಲಿ ಮಳೆಗೆ ರಜೆ ಕೊಟ್ಟಾಗ ಮನೆಯಲ್ಲಿ ಎರಡು ಪುಸ್ತಕ ಇರುವಂತೆ ಮೊದಲೇ ತಂದಿಡಿ.

ಎರಡು ಎಚ್ಚರಿಕೆಗಳಿವೆ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡುವ ಕಡೆ ಜಾಣ ಮಗು ಇಡೀ ದಿನ ‘ಚಿಕ್ಕ ಮೇಷ್ಟರು’ ಆಗಿಬಿಡುತ್ತದೆ. ಇನ್ನೊಬ್ಬರಿಗೆ ಹೇಳಿಕೊಡುವುದು ಒಳ್ಳೆಯದೇ, ಆದರೆ ಅದರ ಕಲಿಕೆಗೂ ದಿನಕ್ಕೆ ಅರ್ಧ ಗಂಟೆ ಮೀಸಲಿರಲಿ. ಇನ್ನು ಮನೆಯಲ್ಲಿ, ನೆಂಟರು ಬಂದಾಗಲೆಲ್ಲ ಮಗುವನ್ನು ನಿಲ್ಲಿಸಿ ಮಗ್ಗಿ ಹೇಳಿಸಬೇಡಿ. ಸದಾ ಹೊಗಳಿಕೆ ಕೇಳಿದ ಮಗು ತಪ್ಪಾಗುವ ಭಯಕ್ಕೆ ಕಷ್ಟದ ಲೆಕ್ಕವನ್ನೇ ಮುಟ್ಟುವುದಿಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಲೆಕ್ಕ ಬೇಗ ಮುಗಿದರೆ ಸುಮ್ಮನೆ ಕೂರಬೇಡಿ. ಎದ್ದು ನಿಂತು ‘ಸಾರ್, ಇದಕ್ಕಿಂತ ಕಷ್ಟದ್ದು ಕೊಡಿ’ ಎಂದು ಕೇಳಿ. ಅದು ಅಹಂಕಾರ ಅಲ್ಲ. ಕೇಳಿದ ಮಗುವನ್ನು ಒಳ್ಳೆಯ ಮೇಷ್ಟರು ಮರೆಯುವುದಿಲ್ಲ.