ಮುಖ ಕಂಡರಾಗದವರ ಲಗ್ನಪತ್ರಿಕೆ

ಚಾಮರಾಜನಗರದಿಂದ ತಾಳವಾಡಿ ರಸ್ತೆ ಹಿಡಿದು ರಾಜ್ಯದ ಗಡಿ ದಾಟಿದರೆ ಗಾಜನೂರು. ಈಗ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದರೂ ಅಲ್ಲಿನ ಮಾತು, ನೆಂಟಸ್ತಿಕೆ ಎಲ್ಲ ಈ ಕಡೆಯವೇ. 1929ರಲ್ಲಿ ಆ ಊರಲ್ಲಿ ಹುಟ್ಟಿದ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರು. ಐವತ್ತೇಳರ ಪ್ರಾಯದಲ್ಲಿ ಮೆಕ್ಯಾನಿಕ್ಕಿನ ವೇಷ ತೊಟ್ಟು, ತಾನು ಕೆಲಸ ಮಾಡುವ ಕಾರ್ಖಾನೆಯ ಒಡತಿಯ ಜೊತೆಗೇ ತೆರೆಯ ಮೇಲೆ ಜಿದ್ದಿಗೆ ಬಿದ್ದರು. ಚಿತ್ರ ‘ಅನುರಾಗ ಅರಳಿತು’, ವರ್ಷ 1986.

ಎಚ್.ಜಿ. ರಾಧಾದೇವಿಯವರ ಕಾದಂಬರಿ ಆಧರಿಸಿ ಎಂ.ಎಸ್. ರಾಜಶೇಖರ್ ನಿರ್ದೇಶಿಸಿದ ಚಿತ್ರ ಅದು. ಮಾಧವಿ ದುಡ್ಡು, ದರ್ಪ ಎರಡೂ ಉಳ್ಳ ಒಡತಿ. ರಾಜ್‌ಕುಮಾರ್ ಯಾರಿಗೂ ತಲೆ ಬಾಗದ ಕೆಲಸಗಾರ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು, ಆದರೂ ಕಥೆ ಮುಗಿಯುವ ಹೊತ್ತಿಗೆ ಗಂಡ-ಹೆಂಡತಿ. ಕನ್ನಡದಲ್ಲಿ ಗೆದ್ದ ಈ ಕಥೆಯನ್ನು 1992ರಲ್ಲಿ ತೆಲುಗಿನವರು ‘ಘರಾನಾ ಮೊಗುಡು’ ಮಾಡಿ ಚಿರಂಜೀವಿಗೆ ಕೊಟ್ಟರು, ತಮಿಳಿನವರು ‘ಮನ್ನನ್’ ಮಾಡಿ ರಜನಿಕಾಂತ್‌ಗೆ ಕೊಟ್ಟರು. 1994ರಲ್ಲಿ ಹಿಂದಿಯ ‘ಲಾಡ್ಲಾ’ದಲ್ಲಿ ಅನಿಲ್ ಕಪೂರ್, ಶ್ರೀದೇವಿ ಬಂದರು. ನಾಲ್ಕು ಭಾಷೆಯ ಜನ ಒಂದೇ ಕಥೆಯನ್ನು ಮೆಚ್ಚಿದ್ದಾರೆಂದರೆ ಅದರಲ್ಲಿ ಏನೋ ನಿಜ ಇರಲೇಬೇಕು. ಇದೆ ಕೂಡ, ಆದರೆ ಅರ್ಧ ಮಾತ್ರ.

ಆ ಅರ್ಧ ಯಾವುದೆಂದು ತಿಳಿಯಲು ಸಿನಿಮಾ ಬಿಟ್ಟು ಈ ಕಡೆಯ ಕಚೇರಿಗಳಿಗೆ ಬರೋಣ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಈ ಊರಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಎಷ್ಟು ಬಲವಾಗಿತ್ತೆಂದರೆ ಹಲವು ಮುಖ್ಯಮಂತ್ರಿಗಳು ಜಿಲ್ಲಾಕೇಂದ್ರದ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು, 2013ರಿಂದ 18ರವರೆಗೆ ಪೂರ್ತಿ ಐದು ವರ್ಷ ಆಳಿ ಆ ಮಾತಿನ ಬಾಯಿ ಮುಚ್ಚಿಸಿದರು. ಆದರೆ ‘ಚಾಮರಾಜನಗರಕ್ಕೆ ವರ್ಗ’ ಎಂದರೆ ಶಿಕ್ಷೆ ಎಂದುಕೊಳ್ಳುವ ನೌಕರರ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಬೇರೆ ಕಡೆಯಿಂದ ಬಂದವರು ಮನೆ ಮಾಡುವುದು ಮೈಸೂರಿನಲ್ಲಿ, ಓಡಾಡುವುದು ಅರವತ್ತು ಚಿಲ್ಲರೆ ಕಿಲೋಮೀಟರಿನ ರೈಲಿನಲ್ಲಿ. ಇದೇ ಜಿಲ್ಲೆಯ ಗುಂಡ್ಲುಪೇಟೆಗೆ ರೈಲಿಲ್ಲ, ನಂಜನಗೂಡು-ಬೇಗೂರಿನ ಮೇಲೆ ಬಸ್ಸೇ ಗತಿ. ಸಂಜೆಯ ಗಾಡಿ ತಪ್ಪಬಾರದೆಂದು ನಾಲ್ಕೂಮುಕ್ಕಾಲಿಗೇ ಬೀಗದ ಕೈ ಹುಡುಕುವವರು ಒಂದು ಕಡೆ. ಅವರು ಬಿಟ್ಟುಹೋದ ಅರ್ಜಿದಾರರನ್ನು ಆರೂವರೆವರೆಗೆ ಸಂಭಾಳಿಸುವ ಸ್ಥಳೀಯರು ಇನ್ನೊಂದು ಕಡೆ.

ಕಚೇರಿಯ ಹಗೆ ಹುಟ್ಟುವುದು ಇಂಥ ಕಡೆಯೇ, ಸಿನಿಮಾದ ಹಾಗೆ ಕಪಾಳಮೋಕ್ಷದಿಂದಲ್ಲ. ಅವಳು ಮಂಡಿಸಿದ ಕಡತದ ಮೇಲೆ ಅವನು ‘ಮರುಪರಿಶೀಲಿಸಿ ಮಂಡಿಸಿ’ ಎಂದು ಷರಾ ಬರೆದು ವಾಪಸ್ಸು ಕಳಿಸುತ್ತಾನೆ. ಅವನ ಟಪಾಲು ಮೂರು ದಿನ ಅವಳ ಮೇಜಿನ ಮೇಲೇ ಉಳಿಯುತ್ತದೆ. ಹಿರಿಯರಿದ್ದರೂ ಪ್ರಭಾರ ಕಿರಿಯರಿಗೆ ಹೋಗುತ್ತದೆ. ಬೆಂಗಳೂರಿನ ಕಡೆಯಿಂದ ಬಂದವರು ಇಲ್ಲಿನ ‘ಬತ್ತದ, ಹೋಗ್ತದ’ ಕೇಳಿ ಮುಸಿಮುಸಿ ನಗುತ್ತಾರೆ. ‘ಆವಯ್ಯನ ಮಕ ಕಂಡ್ರೆ ಮೈಯೆಲ್ಲ ಉರಿತದ ಕನ’ ಎಂಬ ಮಾತು ಶುರುವಾಗುವುದು ಹೀಗೆ. ಇದನ್ನು ಕೇಳಿಸಿಕೊಂಡ ಪಕ್ಕದ ಮೇಜಿನವರು ಹದಿನೈದೇ ದಿನಕ್ಕೆ ‘ಇವ್ರಿಬ್ರ ಮಧ್ಯ ಏನೋ ಅದ ಕನ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬಹಳ ಸಲ ಅಲ್ಲಿ ಏನೂ ಇರುವುದಿಲ್ಲ, ಮೈ ಉರಿಯುತ್ತಿರುತ್ತದೆ ಅಷ್ಟೆ.

ಕೆಲವು ಸಲ ಆಗುತ್ತದೆ ಎಂಬುದೂ ಸುಳ್ಳಲ್ಲ. ಎಣ್ಣೆ-ಸೀಗೆಕಾಯಿ ಎನಿಸಿಕೊಂಡಿದ್ದವರು ಲಗ್ನಪತ್ರಿಕೆ ಹಿಡಿದು ಶಾಖೆ ಶಾಖೆ ಸುತ್ತಿದ್ದನ್ನು ಕಾಣದ ಕಚೇರಿ, ಶಾಲೆ, ಬ್ಯಾಂಕು ಅಪರೂಪ. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗವಿದೆ. 1965ರಲ್ಲಿ ಎಲಿಯಟ್ ಆರನ್ಸನ್ ಮತ್ತು ಡಾರ್ವಿನ್ ಲಿಂಡರ್ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ, ಇನ್ನೊಬ್ಬಳು ತಮ್ಮ ಬಗ್ಗೆ ಆಡುವ ಮಾತು ‘ಆಕಸ್ಮಿಕವಾಗಿ’ ಕಿವಿಗೆ ಬೀಳುವಂತೆ ಏರ್ಪಾಡು ಮಾಡಿದರು. ಕೆಲವರಿಗೆ ಮೊದಲಿನಿಂದ ಕೊನೆಯವರೆಗೆ ಹೊಗಳಿಕೆ, ಕೆಲವರಿಗೆ ಪೂರ್ತಿ ತೆಗಳಿಕೆ. ಇನ್ನು ಕೆಲವರಿಗೆ ಮೊದಲು ತೆಗಳಿಕೆ, ಬರಬರುತ್ತಾ ಮೆಚ್ಚುಗೆ. ಆಮೇಲೆ ‘ಆಕೆ ನಿಮಗೆಷ್ಟು ಇಷ್ಟ’ ಎಂದು ಕೇಳಿದಾಗ, ಸದಾ ಹೊಗಳಿದವಳಿಗಿಂತ ಬೈದು ಆಮೇಲೆ ಮೆಚ್ಚಿದವಳಿಗೇ ಹೆಚ್ಚು ಅಂಕ ಬಿತ್ತು. ಕೈ ಬಿಗಿಯ ಮೇಷ್ಟ್ರು ಕೊಟ್ಟ ಎಪ್ಪತ್ತು ಅಂಕಕ್ಕೆ ಧಾರಾಳಿ ಮೇಷ್ಟ್ರ ತೊಂಬತ್ತಕ್ಕಿಂತ ಹೆಚ್ಚು ಬೆಲೆ ಇದ್ದ ಹಾಗೆ. ಎಲ್ಲರ ಕಡತಕ್ಕೂ ಕಣ್ಣು ಮುಚ್ಚಿ ಸಹಿ ಹಾಕುವವನು ‘ಚೆನ್ನಾಗಿ ಬರೆದಿದ್ದೀರಿ’ ಎಂದರೆ ಮನಸ್ಸು ಕದಲುವುದಿಲ್ಲ. ಎರಡು ವರ್ಷ ತಪ್ಪು ಹುಡುಕಿದವನು ಒಂದು ದಿನ ಹಾಗೆ ಅಂದರೆ ಕಥೆಯೇ ಬೇರೆ.

ಅಕ್ಕಪಕ್ಕ ಕೂತರೆ ಸಾಕು, ಪ್ರೀತಿ ತಾನೇ ಬರುತ್ತದೆ ಎನ್ನುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ವಸತಿ ಸಮುಚ್ಚಯವೊಂದರಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ತಣ್ಣೀರು ಎರಚಿತು. ಜನರ ಆಪ್ತರು ಹತ್ತಿರದ ಮನೆಗಳಲ್ಲೇ ಇದ್ದರು ನಿಜ, ಆದರೆ ಅವರಿಗೆ ಆಗದವರೂ ಅಷ್ಟೇ ಹತ್ತಿರದಲ್ಲಿದ್ದರು. ವಠಾರದಲ್ಲಿ ಬೆಳೆದ ಯಾರಿಗೂ ಇದನ್ನು ಸಂಶೋಧನೆ ಮಾಡಿ ಹೇಳಬೇಕಾಗಿರಲಿಲ್ಲ.

ಮೇಜು ಹತ್ತಿರವಿದ್ದ ಮಾತ್ರಕ್ಕೆ ಆಗದು. ಇಬ್ಬರ ತಲೆಯ ಮೇಲೂ ಒಂದೇ ಹೊರೆ ಬೀಳಬೇಕು. 1954ರಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಅಮೆರಿಕದ ಒಕ್ಲಹೋಮದ ಕಾಡಿನ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟರು. ಬಾವುಟ ಸುಟ್ಟುಕೊಳ್ಳುವ ಮಟ್ಟಕ್ಕೆ ಹಗೆ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದದ್ದನ್ನೇ ತೂರಾಡಿಕೊಂಡರು. ಆಮೇಲೆ ಶಿಬಿರದ ನೀರು ನಿಂತುಹೋಯಿತು, ಊಟ ತರಬೇಕಾದ ಲಾರಿ ಕೆಟ್ಟು ನಿಂತಿತು. ಎರಡನ್ನೂ ಮಾಡಿಸಿದವರು ಪ್ರಯೋಗಕಾರರೇ. ಮೊದಲು ಒಬ್ಬರನ್ನೊಬ್ಬರು ಎಳೆದಾಡಿದ್ದ ಹಗ್ಗಜಗ್ಗಾಟದ ಹಗ್ಗವನ್ನೇ ಲಾರಿಗೆ ಕಟ್ಟಿ ಎರಡೂ ತಂಡದವರು ಸೇರಿ ಎಳೆದರು. ಹಗೆ ಕರಗತೊಡಗಿದ್ದು ಅಲ್ಲಿಂದ. ಹುಡುಗರ ನಡುವೆ ಬೆಂಕಿ ಹಚ್ಚಿದವರೂ ದೊಡ್ಡವರೇ ಎಂಬ ಟೀಕೆ ಆಮೇಲೆ ಬಂತು, ಅದೂ ಸರಿಯೇ. ಲಾರಿ ಎಳೆದ ಭಾಗ ಮಾತ್ರ ಇವತ್ತಿಗೂ ನಂಬುವ ಹಾಗಿದೆ.

ನಮ್ಮ ನೌಕರರಿಗೆ ಆ ಲಾರಿ ಸಿಗುವುದು ಚುನಾವಣಾ ಕರ್ತವ್ಯದಲ್ಲಿ. ಯಾರಿಗೆ ಯಾವ ಮತಗಟ್ಟೆ, ಯಾರ ಜೊತೆಗೆ ಯಾರು ಎಂಬುದನ್ನು ಕಂಪ್ಯೂಟರು ಹೆಕ್ಕುವುದರಿಂದ ಶಿಫಾರಸು ನಡೆಯುವುದಿಲ್ಲ. ಕಂದಾಯದವರು ಪಂಚಾಯಿತಿಯವರನ್ನು ದೂರುತ್ತಾರೆ, ಪಂಚಾಯಿತಿಯವರು ಶಿಕ್ಷಣ ಇಲಾಖೆಯವರನ್ನು. ಹಾಗೆ ದೂರಿಕೊಂಡು ಬಂದವರು ಬೆಳಗಾದರೆ ಮಸ್ಟರಿಂಗ್ ಕೇಂದ್ರದಲ್ಲಿ ಒಂದೇ ಮತಯಂತ್ರದ ಪೆಟ್ಟಿಗೆಯ ಎರಡು ಕಡೆ ನಿಂತಿರುತ್ತಾರೆ. ಅಲ್ಲಿಂದ ಕಾಡಂಚಿನ ಯಾವುದೋ ಶಾಲೆ, ಸೊಳ್ಳೆ, ಅರ್ಧ ನಿದ್ದೆ. ಮರುದಿನ ಮತದಾನಕ್ಕೆ ತೊಂಬತ್ತು ನಿಮಿಷ ಮೊದಲೇ ಏಜೆಂಟರ ಮುಂದೆ ಕನಿಷ್ಠ 50 ಮತಗಳ ಅಣಕು ಮತದಾನ ಮಾಡಿ, ಅದನ್ನು ಅಳಿಸಿ, ಸೀಲು ಹಾಕಬೇಕು. ಸಂಜೆಗೆ 17ಎ ರಿಜಿಸ್ಟರಿನ ಸಹಿಗಳಿಗೂ ಯಂತ್ರ ತೋರಿಸುವ ಒಟ್ಟು ಮತಕ್ಕೂ ತಾಳೆಯಾಗಬೇಕು, 17ಸಿ ನಮೂನೆ ತುಂಬಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೆ ಇಬ್ಬರ ಬೆವರೂ ಇಳಿಯುತ್ತದೆ. ಒಬ್ಬರು ರಿಜಿಸ್ಟರಿನ ಪುಟದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಾರೆ, ಇನ್ನೊಬ್ಬರು ಎಣಿಸುತ್ತಾರೆ. ಲೆಕ್ಕ ಸರಿಹೋಗಿ ಡಿಮಸ್ಟರಿಂಗ್ ಮುಗಿಯುವ ಹೊತ್ತಿಗೆ, ಈ ಮನುಷ್ಯ ಹತ್ತು ಜನರಲ್ಲಿ ತಪ್ಪು ಹುಡುಕುವುದು ಕೊಬ್ಬಿನಿಂದಲ್ಲ, ಕೆಲಸ ಗೊತ್ತಿರುವುದರಿಂದ ಎಂಬುದು ಜೊತೆಗಿದ್ದವರಿಗೆ ತಿಳಿದಿರುತ್ತದೆ. ಹಗೆ ಬಣ್ಣ ಬದಲಿಸಿ ಪ್ರೀತಿಯಾಗುವುದಿಲ್ಲ. ಹಗೆಗೆ ಕಾರಣವಾಗಿದ್ದ ಗುಣವೇ ಬೇರೆ ಬೆಳಕಿನಲ್ಲಿ ಕಾಣಿಸಿ ಗೌರವ ಹುಟ್ಟುತ್ತದೆ. ಮುಂದಿನದು ಅವರವರಿಗೆ ಬಿಟ್ಟದ್ದು.

ಸಿನಿಮಾ ಎಡವಿದ್ದು ಇಲ್ಲೇ. ‘ಅನುರಾಗ ಅರಳಿತು’ ಚಿತ್ರದಲ್ಲಿ ಮಣಿಯುವುದು ಹೆಣ್ಣು. 1976ರ ‘ಬಹದ್ದೂರ್ ಗಂಡು’ ಚಿತ್ರದಲ್ಲೂ ಸೊಕ್ಕು ಇಳಿಯುವುದು ರಾಜಕುಮಾರಿಯದೇ. 1989ರಲ್ಲಿ ರಾಘವೇಂದ್ರ ರಾಜ್‌ಕುಮಾರ್, ಮಾಲಾಶ್ರೀ ಅವರನ್ನು ಮನೆಮನೆಗೆ ಪರಿಚಯಿಸಿದ ‘ನಂಜುಂಡಿ ಕಲ್ಯಾಣ’ದ ಹಿಂದೆ ಪರ್ವತವಾಣಿಯವರ ನಾಟಕವಿದೆ, ಆ ನಾಟಕದ ಹಿಂದೆ ಗಯ್ಯಾಳಿ ಹೆಂಡತಿಯನ್ನು ಪಳಗಿಸುವ ಶೇಕ್ಸ್‌ಪಿಯರನ ಹಾಸ್ಯನಾಟಕವಿದೆ. ನಾಲ್ಕು ಶತಮಾನ ದಾಟಿ ಬಂದ ಸೂತ್ರ ಒಂದೇ: ಜಗಳಗಂಟಿಗೆ ತಕ್ಕ ಗಂಡು ಸಿಕ್ಕಿದರೆ ಬಾಲ ಮುದುರುತ್ತಾಳೆ. ನೋಡುವಾಗ ನಗು ಬರುತ್ತದೆ, ಮಾಲಾಶ್ರೀಯ ಆ ಗತ್ತಿಗೆ ಈಗಲೂ ಶಿಳ್ಳೆ ಬೀಳುತ್ತದೆ. ಆದರೆ ಪ್ರೇಕ್ಷಕರು ದುಡ್ಡು ಕೊಟ್ಟು ಬಂದದ್ದು ಆ ಗತ್ತು ನೋಡಲಿಕ್ಕೆ, ಕಥೆ ಮುಗಿಯುವುದು ಅದನ್ನು ಕಿತ್ತುಕೊಂಡು.

ಇದಕ್ಕಿಂತ ನ್ಯಾಯವಾದ ಕಥೆ ಬೇಕೆಂದರೆ 1940ರಲ್ಲಿ ಅರ್ನ್‌ಸ್ಟ್ ಲುಬಿಚ್ ತೆಗೆದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ನೋಡಬೇಕು. ಹಂಗೇರಿಯ ಮಿಕ್ಲೋಶ್ ಲಾಸ್ಲೋನ ನಾಟಕವೇ ಅದರ ಮೂಲ. ಬುಡಾಪೆಸ್ಟಿನ ಅಂಗಡಿಯೊಂದರಲ್ಲಿ ಇಬ್ಬರು ಗುಮಾಸ್ತರು ದಿನವಿಡೀ ಕಚ್ಚಾಡುತ್ತಾರೆ, ಕೆಲಸ ಮುಗಿದ ಮೇಲೆ ಹೆಸರು ಗೊತ್ತಿಲ್ಲದ ಪ್ರಿಯರಿಗೆ ಕಾಗದ ಬರೆಯುತ್ತಾರೆ. ಕಾಗದ ಹೋಗುವುದು ಪರಸ್ಪರರಿಗೇ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಇಬ್ಬರ ಸಂಬಳವೂ ಅಷ್ಟಕ್ಕಷ್ಟೆ, ಯಜಮಾನನ ಭಯ ಇಬ್ಬರಿಗೂ ಇದೆ, ನಾಲಿಗೆಯೂ ಇಬ್ಬರದೂ ಹರಿತ. ಯಾರೂ ಯಾರ ಕಾಲಿಗೂ ಬೀಳಬೇಕಾಗಿಲ್ಲ.

ಪಳಗಿಸುವ ಕಥೆಯ ಅಪಾಯ ತೆರೆಯಾಚೆಗೆ ದೊಡ್ಡದು. ‘ಬೈದಳೆಂದರೆ ಒಳಗೊಳಗೇ ಇಷ್ಟವಿದೆ’ ಎಂದು ನಂಬಿದ ಗಂಡಸು ಕಚೇರಿಗೆ ಬಂದಾಗ ಏನಾಗುತ್ತದೆ ಎಂಬುದು ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು, ಅದನ್ನು ಆಧರಿಸಿ ಬಂದ 2013ರ ಕಾಯ್ದೆ ಹೇಳುವುದು ಸರಳ: ಆಕೆಗೆ ಬೇಡದ ಲೈಂಗಿಕ ನಡವಳಿಕೆ ಕಿರುಕುಳವೇ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಸಣ್ಣ ಅಂಗಡಿ-ಮಳಿಗೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಮೂರು ತಿಂಗಳ ಗಡುವು. ಜೊತೆಯವಳು ಸಿಡುಕಿದರೆ ಅದನ್ನು ಸಿಡುಕು ಎಂದೇ ತಿಳಿಯುವುದು ಕ್ಷೇಮ. ನಿಜವಾಗಿ ಮನಸ್ಸು ಬದಲಾದರೆ ಆಕೆಗೆ ಬಾಯಿ ಇದೆ, ಹೇಳುತ್ತಾಳೆ.

ಹೇಳಿದಳು, ಅವನೂ ಒಪ್ಪಿದ ಎಂದುಕೊಳ್ಳಿ. ಸಿನಿಮಾ ಅಲ್ಲಿಗೆ ಶುಭಂ ಹಾಕುತ್ತದೆ. ಈ ಜಿಲ್ಲೆಯಲ್ಲಿ ಅಸಲು ಜಗಳ ಶುರುವಾಗುವುದೇ ಆಗ. ಯಾವ ಬೀದಿ, ಯಾರ ಪೈಕಿ ಎಂದು ಕೇಳದೆ ಜನರನ್ನು ಅಕ್ಕಪಕ್ಕ ಕೂರಿಸುವ ಜಾಗ ಹಳ್ಳಿಯಲ್ಲಿ ಕಡಿಮೆ, ಕಚೇರಿ ಅಂಥದ್ದೊಂದು. ಮದುವೆ ಮನೆ ಹಾಗಲ್ಲ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ದೇಶದ ಅಂತರ್ಜಾತಿ ವಿವಾಹಗಳ ಪ್ರಮಾಣ ಶೇ. 5ರ ಆಸುಪಾಸಿನಲ್ಲಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಮೂವತ್ತು ದಿನಗಳ ನೋಟಿಸು ವಿವಾಹಾಧಿಕಾರಿಯ ಕಚೇರಿಯ ಫಲಕದ ಮೇಲೆ ಅಂಟಿರಬೇಕು. ಗುಂಡ್ಲುಪೇಟೆಯಂಥ ಊರಲ್ಲಿ ಆ ಫಲಕದ ಸುದ್ದಿ ಸಂಜೆಯೊಳಗೆ ತೆರಕಣಾಂಬಿ ದಾಟಿರುತ್ತದೆ. ಪರಿಶಿಷ್ಟ ಜಾತಿಯವರೊಂದಿಗಿನ ಅಂತರ್ಜಾತಿ ವಿವಾಹಕ್ಕೆ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಆದರೆ ಆ ಮೂವತ್ತು ದಿನ ಹೇಗೆ ಕಳೆಯಬೇಕೆಂಬುದನ್ನು ಯಾವ ಇಲಾಖೆಯೂ ಹೇಳಿಕೊಡುವುದಿಲ್ಲ.

ಆ ದಿನಗಳನ್ನು ದಾಟಿಕೊಂಡವರು ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರಿನ ಮುಂದೆ ಸಿಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಗುಡಿ ಅದು. ಆಷಾಢದಲ್ಲಿ ಹೊಸ ಸೊಸೆ ತವರು ಸೇರುವುದು ಈ ಸೀಮೆಯ ರೂಢಿ. ಅಗಲಿರುವ ಗಂಡ-ಹೆಂಡಿರು ಆ ಒಂದು ದಿನ ಜೊತೆಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. 2017ರಲ್ಲಿ ಕಿಡಿಗೇಡಿಯೊಬ್ಬ ರಥಕ್ಕೆ ಬೆಂಕಿಯಿಟ್ಟ ಮೇಲೆ ಕೆಲವು ವರ್ಷ ಈ ಜಾತ್ರೆ ನಿಂತಿತ್ತು. ಹೊಸ ರಥ ಬಂದು 2022ರಲ್ಲಿ ಮತ್ತೆ ಶುರುವಾಯಿತು. ಬಾಳೆಹಣ್ಣು ಗುರಿ ತಪ್ಪಿ ಮುಂದಿದ್ದವರ ತಲೆಗೆ ಬಿದ್ದರೆ ಅಂದು ಯಾರೂ ಜಗಳಕ್ಕೆ ಹೋಗುವುದಿಲ್ಲ.

ಆಷಾಢ ಕಳೆದರೆ ಮತ್ತೆ ಕಚೇರಿ. ‘ಇವರ ಜೊತೆ ಕೆಲಸ ಮಾಡಲಾಗದು, ಬೇರೆ ಶಾಖೆ ಕೊಡಿ’ ಎಂದು ಒಂದು ಕಾಲಕ್ಕೆ ಅರ್ಜಿ ಬರೆದ ಕೈಯೇ ಈಗ ‘ಪತಿ-ಪತ್ನಿ ಪ್ರಕರಣ’ ಎಂದು ವರ್ಗಾವಣೆಯಲ್ಲಿ ಆದ್ಯತೆ ಕೇಳಿ ಅರ್ಜಿ ಬರೆಯುತ್ತದೆ. ಇಬ್ಬರಿಗೂ ಒಂದೇ ತಾಲ್ಲೂಕು ಸಿಗಲಿ, ತಪ್ಪಲ್ಲ. ಆದರೆ ಒಬ್ಬರ ಕಡತಕ್ಕೆ ಇನ್ನೊಬ್ಬರು ಸಹಿ ಹಾಕುವ ಹಾಗೆ ಒಂದೇ ಶಾಖೆಯಲ್ಲಿ ಉಳಿಯುವುದು ಯಾರಿಗೂ ಒಳ್ಳೆಯದಲ್ಲ, ಒಬ್ಬರು ಜಾಗ ಬಿಡಲೇಬೇಕು. ಯಾರು ಬಿಡಬೇಕು ಎಂಬ ಪ್ರಶ್ನೆಗೆ ಹೆಂಡತಿ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ, ಪಳಗಿಸುವ ಕಥೆಗಳನ್ನು ಅಷ್ಟು ವರ್ಷ ನೋಡಿದ ಫಲ. ಸೇವಾ ಜ್ಯೇಷ್ಠತೆಯ ಪಟ್ಟಿ ಮುಂದಿಟ್ಟುಕೊಂಡು ತೀರ್ಮಾನಿಸಿದರೆ ಕೆಲವು ಸಲ ಗಂಡನೇ ಬ್ಯಾಗು ಹಿಡಿದು ಬೆಳಗಿನ ಹನೂರು ಬಸ್ಸು ಹತ್ತಬೇಕಾಗುತ್ತದೆ.